ಹಲ್ಲಿದ್ದ ಹೆಂಡ

ಯಲಿಯೂರಿನ ಪಟೇಲ ದೊಡ್ಡಸಿದ್ದಯ್ಯನವರ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹುಚ್ಚೀರಯ್ಯನಿಗೆ ಊರಿನಲ್ಲಿ ಒಂದು ಮರ್ಯಾದೆ ಇತ್ತು. ಇದೆ ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅವನು ಕಣ್ಣು ಮುಚ್ಚಿಕೊಂಡು ನಿಂತು ಸದ್ದು ಕೇಳುತ್ತಿದ್ದ. ಆ ಸದ್ದು ದಪ್ಪಗಾದ ಗಳಿಗೆಯಲ್ಲಿ "ಇಳಿಸ್ರುಲಾ" ಅನ್ನುತ್ತಿದ್ದ, ಆಳುಗಳು ಇಳಿಸುತ್ತಿದ್ದರು, ಬೆಲ್ಲ ಬಂಗಾರದ ಬಣ್ಣಕ್ಕೆ ಅಚ್ಚಿನಲ್ಲಿ ಕೂರುತ್ತಿತ್ತು. ಕಡಿದು ತಡವಾದ ಕಬ್ಬಿನ ಹಾಲು ಹುಳಿಯಾಗಿದ್ದರೆ ಎಷ್ಟು ಸುಣ್ಣದ ನೀರು ಬಿಡಬೇಕು, ಎಷ್ಟು ಹೆಚ್ಚಾದರೆ ಬೆಲ್ಲ ಕರ್ರಗಾಗಿ ದನದ ಮುಸುರೆಗೆ ಹೋಗುತ್ತದೆ ಎನ್ನುವುದೆಲ್ಲ ಅವನ ಕೈಗೇ ಗೊತ್ತಿತ್ತು. ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಯಾರೂ ಕೇಳದಿದ್ದರೆ ಸಿಟ್ಟು ಬರುತ್ತಿತ್ತು.

ವರ್ಷಕ್ಕೊಂದು ಸಲ, ಆಲೆಮನೆಯ ಒಲೆ ಆರಿಸುವ ದಿನ, ಪಟೇಲರು ಬಾಡೂಟ ಹಾಕಿಸುತ್ತಿದ್ದರು. ಊಟಕ್ಕೆ ಮುಂಚೆ ಎಲ್ಲರ ಎದುರಿಗೆ ಜರಿ ಅಂಚಿನ ಹೊಸ ರುಮಾಲಿನ ಬಟ್ಟೆಯನ್ನು ಬೆಲ್ಲ ಕಾಯಿಸಿದವನ ಕೈಗೆ ಕೊಡುತ್ತಿದ್ದರು. ಹುಚ್ಚೀರಯ್ಯ ಅಲ್ಲೇ ನಿಂತು, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಯಾರ ಸಹಾಯವೂ ಇಲ್ಲದೆ ಸುತ್ತಿಕೊಳ್ಳುತ್ತಿದ್ದ. ಅವನು ಕಟ್ಟುವ ಹಾಗೆ ರುಮಾಲು ಕಟ್ಟುವವರು ಮಂಡ್ಯ ಸೀಮೆಯಲ್ಲೇ ಇಲ್ಲ ಎಂದು ಜನ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಮಿಕ್ಕ ವರ್ಷವೆಲ್ಲ ಅವನು ಪಟೇಲರ ಜಮೀನನ್ನು ವಾರಕ್ಕೆ ಮಾಡುವ, ಬೆಳೆದದ್ದರಲ್ಲಿ ಅರ್ಧ ಅಳೆದುಕೊಡುವ ಸಾಮಾನ್ಯ ಒಕ್ಕಲು. ಆ ಒಂದು ದಿನಕ್ಕೆ ಮಾತ್ರ ಅವನು ಜಗಲಿಯ ಮೇಲೆ ಪಟೇಲರ ಪಕ್ಕದಲ್ಲಿ ಕೂರುತ್ತಿದ್ದ.

ಸಾವಿರದ ಒಂಬೈನೂರ ನಲವತ್ತೈದರ ಸಂಕ್ರಾಂತಿ ಕಳೆದ ಮೇಲೆ ಯಲಿಯೂರು ಸ್ಟೇಷನ್ನಿನಲ್ಲಿ ಒಬ್ಬ ಪೊಲೀಸಿನವನ ಜೊತೆ ಒಬ್ಬ ಕೆಂಪು ಮೂತಿಯವನು ರೈಲಿನಿಂದ ಇಳಿದ. ಇಟಲಿ ದೇಶದವನು. ಆಫ್ರಿಕದ ಮರಳಿನಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿ, ಹಡಗಿನಲ್ಲಿ ಬಂದು, ಬೆಂಗಳೂರಿನ ಸೆರೆಯಾಳುಗಳ ಶಿಬಿರದಲ್ಲಿ ಇದ್ದವನು. ಇಟಲಿ ಸೋಲೊಪ್ಪಿಕೊಂಡ ಮೇಲೆ ಇಂಥ ಕೆಲವರನ್ನು ಹೊರಗಿನ ಕೆಲಸಕ್ಕೆ ಬಿಡುತ್ತಿದ್ದರು. ಪಟೇಲರು ಬೆಂಗಳೂರಿನಲ್ಲಿ ಯಾರನ್ನೋ ಹಿಡಿದು, ಕೆಟ್ಟು ಕೂತಿದ್ದ ಬಾವಿಯ ಆಯಿಲ್ ಎಂಜಿನ್ನಿಗೆ ಅಂತ ಇವನನ್ನು ಕರೆಸಿಕೊಂಡಿದ್ದರು. ವಾರಕ್ಕೊಮ್ಮೆ ಮದ್ದೂರಿನ ಠಾಣೆಗೆ ಹೋಗಿ ಮುಖ ತೋರಿಸಿ ಬಂದರೆ ಸಾಕು, ಮಿಕ್ಕಂತೆ ಊರಲ್ಲಿರಬಹುದು.

ಹೆಸರು ಕೇಳಿದರೆ "ಬೆಪ್ಪೆ" ಅಂದ. ಊರೆಲ್ಲ ನಕ್ಕಿತು, ಹುಚ್ಚೀರಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಹೆಂಡತಿ ಚಿಕ್ಕನಂಜಮ್ಮ, "ನಿನ್ ಎಸ್ರಲ್ಲಿ ಉಚ್ಚು ಮಡೀಕಂಡು ಅವನ್ನ ನೋಡಿ ನಗ್ತೀಯಲ್ಲ" ಅಂದ ಮೇಲೆ ಸ್ವಲ್ಪ ಕಡಿಮೆ ಮಾಡಿದ.

ಬೆಪ್ಪೆ ಎಂಜಿನ್ನು ರಿಪೇರಿ ಮಾಡಿದ. ಅದರಿಂದ ಹುಚ್ಚೀರಯ್ಯನಿಗೇನೂ ಆಗಲಿಲ್ಲ. ಎಂಜಿನ್ನು ಅವನ ಕಸುಬಲ್ಲ, ಬೇಕಾದರೆ ಹೊಗಳಲೂ ಸಿದ್ಧನಿದ್ದ. ಹೊಗಳಿದ ಕೂಡ. ಕೆಟ್ಟದ್ದೆಲ್ಲ ಶುರುವಾದದ್ದು ದ್ರಾಕ್ಷಿ ಚಪ್ಪರದಿಂದ.

ಪಟೇಲರು ಹಿಂದೆ ಯಾವಾಗಲೋ ಶೋಕಿಗೆ ಬಿದ್ದು ಬೆಂಗಳೂರಿನಿಂದ ಬಳ್ಳಿ ತಂದು ಆಲೆಮನೆಯ ಹಿಂದೆ ಚಪ್ಪರ ಹಾಕಿಸಿದ್ದರು. ಕಪ್ಪು ದ್ರಾಕ್ಷಿ ಗೊಂಚಲು ಗೊಂಚಲಾಗಿ ಬಿಡುತ್ತಿತ್ತು, ಆದರೆ ಬಾಯಿಗಿಟ್ಟರೆ ಕಿವಿಯವರೆಗೆ ಹುಳಿ. ಕಾಗೆಗಳು ಕೂಡ ಒಂದು ಕಚ್ಚಿ ಬಿಟ್ಟು ಹೋಗುತ್ತಿದ್ದವು. ಬೆಪ್ಪೆ ಆ ಚಪ್ಪರದ ಕೆಳಗೆ ನಿಂತು, ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಸಿಪ್ಪೆ ಬೀಜ ಸಮೇತ ಜಗಿದು, ಎಲ್ಲರ ಎದುರಿಗೆ ಗೊಳೋ ಅಂತ ಅತ್ತುಬಿಟ್ಟ. ಪಟೇಲರಿಗೆ ಕನಿಕರವಾಯಿತು. ಇದರಲ್ಲಿ ವೈನು ಮಾಡಲಾ ಅಂತ ಅವನು ಕೇಳಿದಾಗ ಹೂಂ ಅಂದರು. ಯಾರಾದರೂ ಕೇಳಿದರೆ ಪಟೇಲರ ಹೊಟ್ಟೆನೋವಿಗೆ ಮದ್ದು ಅಂತ ಹೇಳುವುದೆಂದು ತೀರ್ಮಾನವಾಯಿತು.

ಅವನು ಹಣ್ಣು ಬಿಡಿಸಿದ. ಗಾಣಕ್ಕೆ ಹಾಕಿ ಅರೆದರೆ ಬೇಗ ಆಗುತ್ತದಲ್ಲ ಅಂತ ಯಾರೋ ಅಂದಾಗ, ಬೀಜ ಒಡೆದರೆ ಕಹಿಯಾಗುತ್ತದೆ ಎಂದು ಸನ್ನೆ ಮಾಡಿ, ಕಾಲು ತೊಳೆದುಕೊಂಡು ಬಾನಿಯೊಳಗೆ ಇಳಿದು ತುಳಿದ. ಹುಚ್ಚೀರಯ್ಯ ಇದನ್ನು ಊರ ತುಂಬಾ ಹೇಳಿಕೊಂಡು ಬಂದ. "ಕಾಲಲ್ಲಿ ತುಳಿದಿದ್ದ ಕುಡೀತೀರೇನ್ರುಲಾ?" ಅಂದ. ಕುಂಬಾರರ ಶಿವಣ್ಣ, "ನೀನು ನೀರು ಕುಡಿಯೋ ಮಡಕೆ ಮಣ್ಣ ನಾನು ತಲೇಲಿ ತುಳಿದಿದ್ನಾ?" ಅಂತ ಕೇಳಿದ. ಜನ ನಕ್ಕರು. ಈ ಸಲ ನಕ್ಕಿದ್ದು ಹುಚ್ಚೀರಯ್ಯನನ್ನು ನೋಡಿ.

ಆಲೆಮನೆಯ ಮೂಲೆಯಲ್ಲಿ, ಹುಚ್ಚೀರಯ್ಯನ ಕೊಪ್ಪರಿಗೆಯಿಂದ ಹತ್ತು ಮಾರು ದೂರದಲ್ಲಿ, ಆ ರಸವನ್ನು ಸಿಪ್ಪೆಯ ಸಮೇತ ಒಂದು ದೊಡ್ಡ ಗುಡಾಣಕ್ಕೆ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದರು. ಮಾರನೆಯ ದಿನ ಅದು ಕುದಿಯತೊಡಗಿತು. ಒಲೆಯಿಲ್ಲ, ಸೌದೆಯಿಲ್ಲ, ಉರಿ ಹಾಕುವ ಆಳಿಲ್ಲ, ಸುಮ್ಮನೆ ನೆರಳಿನಲ್ಲಿ ಕೂತು ಗುಡಾಣ ಬುಸಬುಸ ಕುದಿಯುತ್ತಿತ್ತು. ಹೆಂಡ ನೊರೆಯುಕ್ಕುವುದನ್ನು ಎಲ್ಲರೂ ಕಂಡವರೇ. ಆದರೂ ಸಿಪ್ಪೆಯೆಲ್ಲ ಮೇಲೆದ್ದು ಟೋಪಿಯಾಗಿ ಏರುವುದನ್ನು, ಬೆಪ್ಪೆ ಅದನ್ನು ಕೋಲಿನಿಂದ ಒತ್ತಿ ಮುಳುಗಿಸುವುದನ್ನು ನೋಡಲು ಹೆಂಗಸರು ಮಕ್ಕಳೆಲ್ಲ ಬಂದರು. ಒಬ್ಬೊಬ್ಬರಾಗಿ ಗುಡಾಣದ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಹುಚ್ಚೀರಯ್ಯ ಆಕಡೆ ಬೆವರು ಸುರಿಸಿಕೊಂಡು, ಹೊಗೆಗೆ ಕಣ್ಣು ಕೆಂಪಾಗಿ, ತನ್ನ ಕೊಪ್ಪರಿಗೆಯ ಸದ್ದು ಕೇಳುತ್ತಾ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನ ಕೊಪ್ಪರಿಗೆಯ ಸದ್ದನ್ನು ಕೇಳಲು ಯಾರೂ ಬಂದಿರಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಪಟೇಲರು ಬೆಪ್ಪೆಯನ್ನು ಜಗಲಿಗೆ ಕರೆದು ಮಾತಾಡಿಸುವುದು ಅಭ್ಯಾಸವಾಯಿತು. ಶಿಬಿರದಲ್ಲಿ ಕಲಿತ ಹಿಂದೂಸ್ತಾನಿ, ಊರಲ್ಲಿ ಹೆಕ್ಕಿಕೊಂಡ ಕನ್ನಡ, ಮಿಕ್ಕದ್ದು ಕೈಸನ್ನೆ. ಹುಚ್ಚೀರಯ್ಯ ಕೆಳಗೆ ಅಂಗಳದಲ್ಲಿ ಕೂತು, ಕೇಳಿಸಿಕೊಳ್ಳುತ್ತಿಲ್ಲ ಎನ್ನುವ ಹಾಗೆ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಬೆಪ್ಪೆಯ ಊರು ಕಿಯಾಂತಿ ಎನ್ನುವ ಗುಡ್ಡಗಳ ಸೀಮೆಯಂತೆ. ಗುಡ್ಡದ ಮೈಯೆಲ್ಲ ದ್ರಾಕ್ಷಿಯಂತೆ. ಅಲ್ಲಿನ ವೈನಿಗೂ ಅದೇ ಹೆಸರಂತೆ, ಕೆಂಪಗಿರುತ್ತದಂತೆ, ಹುಳಿಯಂತೆ, ಒಗರಂತೆ. ಕಪ್ಪು ಹಣ್ಣಿಗೆ ಒಂದಿಷ್ಟು ಬಿಳಿ ಹಣ್ಣೂ ಸೇರಿಸುತ್ತಾರಂತೆ. ಬರಿಬಾಯಿಗೆ ಕುಡಿದರೆ ನಾಲಿಗೆ ಕೆರೆಯುತ್ತದೆ, ರೊಟ್ಟಿ ಮಾಂಸದ ಜೊತೆ ಕುಡಿದರೆ ಇನ್ನೊಂದು ತುತ್ತು ಇನ್ನೊಂದು ತುತ್ತು ಅನ್ನಿಸುತ್ತದೆ.

"ವೈನಿಗೆ ಹಲ್ಲು ಬೇಕು" ಎಂದು ಬೆಪ್ಪೆ ತನ್ನ ಹಲ್ಲು ತೋರಿಸಿದ. "ಕಚ್ಚಬೇಕು. ಕಚ್ಚದೆ ಇದ್ದರೆ ಅದು ಶ್ರೀಮಂತರ ಶರಬತ್ತು."

"ನಿಮ್ಮಪ್ಪಂಗೆ ತೋಟ ಎಷ್ಟಿತ್ತಯ್ಯಾ?" ಎಂದು ಪಟೇಲರು ಕೇಳಿದರು.

ತೋಟ ಅಪ್ಪನದಲ್ಲ, ಧಣಿಯದು ಅಂದ ಬೆಪ್ಪೆ. ಅಪ್ಪ ಅರ್ಧ ಪಾಲಿಗೆ ಮಾಡುವವನು. ಒಳ್ಳೆಯ ಅರ್ಧ ಧಣಿಗೆ ಹೋಗುತ್ತದೆ. ಮನೆಯವರು ಕುಡಿಯುವುದು ಹಿಂಡಿದ ಸಿಪ್ಪೆಗೆ ನೀರು ಹಾಕಿ ಎರಡನೆ ಸಲ ತೆಗೆದದ್ದು. ವರ್ಷಕ್ಕೊಂದು ಸೀಸೆ ಮಾತ್ರ ಅಪ್ಪ ಒಳ್ಳೆಯದನ್ನೇ ಎತ್ತಿಟ್ಟು, ಊಟದ ಮೇಜಿನಲ್ಲಿ ಮಕ್ಕಳಿಗೆಲ್ಲ ಒಂದೊಂದು ಗುಟುಕು ಕೊಡುತ್ತಿದ್ದ. ಆ ರುಚಿ ಇಲ್ಲಿದೆ ಎಂದು ಅವನು ನಾಲಿಗೆ ಮುಟ್ಟಿ ತೋರಿಸಿದ. ಪಟೇಲರಿಗೆ ಅರ್ಧ ಪಾಲಿನ ಮಾತು ಅಷ್ಟು ಹಿಡಿಸಲಿಲ್ಲ, ಕೆಮ್ಮಿದರು. ಹುಚ್ಚೀರಯ್ಯನಿಗೆ ಹಿಡಿಸಿತು. ಇವನೂ ನಮ್ಮ ಹಾಗೆ ಒಕ್ಕಲು ಮನೆಯವನೇ ಅನ್ನಿಸಿತು. ಒಕ್ಕಲು ಮನೆಯವನಾಗಿ ಅಂಗಳದಲ್ಲಿ ಕೂರದೆ ಜಗಲಿಯ ಮೇಲೆ ಹೇಗೆ ಕೂತ ಅಂತಲೂ ಅನ್ನಿಸಿತು, ಆಮೇಲೆ ಮೊದಲು ಅನ್ನಿಸಿದ್ದು ಮರೆತೇಹೋಯಿತು.

ಬೆಪ್ಪೆ ಎಲ್ಲಾ ಹಣ್ಣನ್ನೂ ತುಳಿದಿರಲಿಲ್ಲ. ಒಂದಷ್ಟು ಗೊಂಚಲುಗಳನ್ನು ಆಲೆಮನೆಯ ಅಟ್ಟದ ಮೇಲೆ ಚಾಪೆ ಹಾಸಿ ಹರಡಿದ್ದ. ಅವು ಮುದುಕಿಯ ಕೆನ್ನೆಯ ಹಾಗೆ ಸುಕ್ಕಾದವು. ಗುಡಾಣದ ಕುದಿ ನಿಂತು ರಸ ತಣ್ಣಗಾದ ಮೇಲೆ, ಸಿಪ್ಪೆ ಸೋಸಿ ತೆಗೆದು, ಆ ಸುಕ್ಕಿದ ಹಣ್ಣನ್ನು ಕಿವುಚಿ ಅದರೊಳಗೆ ಸುರಿದ. ಸತ್ತೇಹೋಯಿತು ಅಂದುಕೊಂಡಿದ್ದ ಗುಡಾಣ ಮತ್ತೆ ಮೆಲ್ಲಗೆ ಬುಸುಗುಟ್ಟಿತು. ತಮ್ಮ ಸೀಮೆಯ ಹಳೆಯ ಪದ್ಧತಿ ಇದು, ಮಲಗಿದ ವೈನನ್ನು ಎಬ್ಬಿಸುವುದು ಎಂದ. ಅದೂ ಅಡಗಿದ ಮೇಲೆ ಒಂದು ದಿನ ಚಿಪ್ಪಿನಲ್ಲಿ ತೆಗೆದು ಬಾಯಿಗೆ ಹಾಕಿಕೊಂಡವನು ಆಲೆಮನೆಯ ತುಂಬಾ ಕುಣಿದ. "ಬಂತು! ಹಲ್ಲು ಬಂತು! ಹಣ್ಣು ಬೇರೆ, ಆದರೂ ಅಪ್ಪ ಬಂದ!" ಗಾಣದ ಎತ್ತುಗಳು ಬೆದರಿ ನಿಂತವು. ಪಟೇಲರು ಓಡಿಬಂದರು. ಅವನ ಬೆನ್ನು ತಟ್ಟಿದರು. ಬೆನ್ನು ತಟ್ಟುವುದು ಪಟೇಲರ ಜಾಯಮಾನದಲ್ಲೇ ಇರಲಿಲ್ಲ, ಹುಚ್ಚೀರಯ್ಯನ ಬೆನ್ನಿಗಂತೂ ಆ ಕೈ ಬಿದ್ದದ್ದು ಅವನಿಗೆ ನೆನಪಿಲ್ಲ.

ಹುಚ್ಚೀರಯ್ಯ ಮನೆಗೆ ಬಂದರೆ ಅಲ್ಲಿ ಚಿಕ್ಕನಂಜಮ್ಮ ಈಚಲ ಗರಿ ಸೀಳಿಕೊಂಡು ಕೂತಿದ್ದಳು. ಮುಂದೆ ಮಂಡ್ಯದಿಂದ ತಂದ ಖಾಲಿ ಸೀಸೆಗಳು. ಬೆಪ್ಪೆಯ ಊರಿನಲ್ಲಿ ಸೀಸೆಯ ತಳ ದುಂಡಗಿರುತ್ತದಂತೆ, ಹುಲ್ಲಿನ ಬುಟ್ಟಿ ಹೆಣೆದು ಹಾಕದಿದ್ದರೆ ನಿಲ್ಲುವುದೇ ಇಲ್ಲವಂತೆ. ಈ ಸೀಸೆಗಳು ತಾವಾಗಿಯೇ ನಿಲ್ಲುತ್ತಿದ್ದವು, ಆದರೂ ಬುಟ್ಟಿ ಇಲ್ಲದಿದ್ದರೆ ಅದು ಕಿಯಾಂತಿಯೇ ಅಲ್ಲ ಎಂದು ಅವನು ಹೇಳಿದ್ದ. ಚಿಕ್ಕನಂಜಮ್ಮನ ಹೆಣಿಗೆ ನೋಡಿ, ನಮ್ಮೂರ ಹೆಂಗಸರಿಗೂ ಇಷ್ಟು ಚೆನ್ನಾಗಿ ಬರುವುದಿಲ್ಲ ಎಂದನಂತೆ.

"ನನ್ ಬೆಲ್ಲದಚ್ಚಿಗೆ ಯಾವತ್ತಾರ ಒಂದು ಗರಿ ಸುತ್ತಿದ್ಯಾ?" ಎಂದ ಹುಚ್ಚೀರಯ್ಯ.

"ನೀನು ಯಾವತ್ತಾರ ಚೆನ್ನಾಗದೆ ಅಂದಿದ್ಯಾ?" ಎಂದಳು ಅವಳು, ತಲೆಯೆತ್ತದೆ.

"ಅವ್ನು ಅಂದ್ಬುಟ್ರೆ ಆಗೋಯ್ತಾ? ಪರದೇಸಿ ನನ್ಮಗ."

"ಬುಡತ್ಲಾಗೆ. ಈ ವರ್ಸ ಆಲೆಮನೆಗೆ ಸೌದೇನೆ ಬೇಡ. ನಿನ್ ಒಟ್ಟೆಕಿಚ್ಚಿನ್ ಮೇಲೆ ಕೊಪ್ಪರಿಗೆ ಮಡುಗುದ್ರೆ ಸಾಕು, ಎಲ್ಡು ಗಳಿಗೇಲಿ ಬೆಲ್ಲ."

ಅವನು ಉಣ್ಣದೆ ಮಲಗಿದ. ಅವಳು ಒತ್ತಾಯವನ್ನೂ ಮಾಡಲಿಲ್ಲ.

ಒಲೆ ಆರಿಸುವ ದಿನ ಹತ್ತಿರ ಬಂದಾಗ ಪಟೇಲರು ಆಲೆಮನೆಗೆ ಬಂದು ಒಂದು ಮಾತು ಹೇಳಿದರು. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು, ಮಂಡ್ಯದ ಅಂಗಡಿ ಅಂಗಡಿ ಅಲೆದರೂ ಜರಿ ರುಮಾಲು ಸಿಕ್ಕಿದ್ದು ಒಂದೇ. ಹಲಗೂರಿನಿಂದ ಬೀಗರು ಶಿವಯ್ಯನವರು ಊಟಕ್ಕೆ ಬರುತ್ತಾರೆ. ಅವರು ಬೆಲ್ಲವನ್ನೂ ನೋಡಲಿ, ಬೆಪ್ಪೆಯ ಹೆಂಡವನ್ನೂ ನೋಡಲಿ. ಯಾವುದು ಹೆಚ್ಚು ಅನ್ನುತ್ತಾರೋ ಆ ಕೈಗೆ ಈ ವರ್ಷದ ರುಮಾಲು.

"ಏನ್ಲಾ ಹುಚ್ಚೀರ, ಆಗ್ಬೋದಾ?"

"ನಿಮ್ ರುಮಾಲು, ನಿಮ್ ಇಷ್ಟ, ಪಟೇಲ್ರೆ" ಎಂದ ಹುಚ್ಚೀರಯ್ಯ. ದನಿ ಸರಿಯಾಗಿಯೇ ಇತ್ತು, ಕೈಯಲ್ಲಿದ್ದ ಸಟ್ಟುಗ ಮಾತ್ರ ಕೊಪ್ಪರಿಗೆಯ ಅಂಚಿಗೆ ಟಣ್ಣೆಂದು ತಾಗಿತು. ಇಷ್ಟು ವರ್ಷ ಕೇಳದೆ ಬಂದದ್ದಕ್ಕೆ ಈಗ ಪಂದ್ಯ ಕಟ್ಟಬೇಕು, ಅದೂ ಯಾವನೋ ಸೆರೆಯಾಳಿನ ಜೊತೆ.

ಮುಂದಿನ ಸಲ ಬೆಪ್ಪೆ ಮದ್ದೂರಿನ ಠಾಣೆಗೆ ಹೋದ ದಿನ, ಆಳುಗಳು ಉಂಡು ಹೊಂಗೆ ಮರದ ಕೆಳಗೆ ಬಿದ್ದುಕೊಂಡಿದ್ದ ಹೊತ್ತಿನಲ್ಲಿ, ಹುಚ್ಚೀರಯ್ಯ ಗುಡಾಣದ ಬಟ್ಟೆ ಬಿಚ್ಚಿದ. ಸುಮ್ಮನೆ ನೋಡೋಣ ಎಂದು ಒಂದು ಚಿಪ್ಪು ತೆಗೆದು ಕುಡಿದ. ಥೂ ಎನ್ನುವಷ್ಟು ಹುಳಿ, ಎಳೆ ನೇರಳೆ ತಿಂದ ಹಾಗೆ ನಾಲಿಗೆ ಒಗರೊಗರು. ಇದನ್ನು ಬೀಗರು ಉಗಿದೇ ಉಗಿಯುತ್ತಾರೆ ಅಂದುಕೊಂಡ. ಅಷ್ಟರಲ್ಲಿ, ನುಂಗಿದ ಮೇಲೆ, ಗಂಟಲಿನ ಹಿಂದೆ ಏನೋ ಉಳಿದುಕೊಂಡಿತು. ಆ ಹೊತ್ತಿಗೆ ಒಂದು ಬಿಸಿ ಮುದ್ದೆ, ಖಾರದ ಬಾಡಿನ ಸಾರು ಇದ್ದಿದ್ದರೆ ಅನ್ನಿಸಿತು. ಇನ್ನೊಂದು ಚಿಪ್ಪು ತೆಗೆದ. ಬೇಡ ಬೇಡ ಅಂದುಕೊಂಡು ಮೂರನೆಯದನ್ನೂ ತೆಗೆದ. ಚೆನ್ನಾಗಿತ್ತು. ಕಸುಬುದಾರನ ಕೈ ಕಸುಬುದಾರನಿಗೆ ಗೊತ್ತಾಗದೆ ಇರುತ್ತದೆಯೇ? ಕೆಟ್ಟದಾಗಿದ್ದಿದ್ದರೆ ಅವನು ಬಟ್ಟೆ ಕಟ್ಟಿ ನೆಮ್ಮದಿಯಾಗಿ ಹೋಗಿ ಮಲಗುತ್ತಿದ್ದ. ಚೆನ್ನಾಗಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ.

ಒಲೆಯ ಪಕ್ಕದಲ್ಲಿ ಸುಣ್ಣದ ನೀರಿನ ಮಡಕೆ ಇದ್ದೇ ಇತ್ತು. ಕೆಳಗಿನ ಗಷ್ಟೆಲ್ಲ ಮೇಲೆ ಬರುವ ಹಾಗೆ ಕದಡಿ ತಂದು ಗುಡಾಣಕ್ಕೆ ಸುರಿದ, ಅರ್ಧ ಮಡಕೆಗೆ ಕೈ ತಾನಾಗಿಯೇ ನಿಂತಿತು. ಸುಣ್ಣ ಹೆಚ್ಚಾದರೆ ಬೆಲ್ಲ ಕರ್ರಗಾಗಿ ಕೆಡುತ್ತದೆ, ಇದೂ ಕರ್ರಗಾಗಿ ಕೆಡಲಿ. ಸುರಿದವನು ಹಾಗೇ ಬಿಟ್ಟು ಹೋಗಬೇಕಿತ್ತು. ಆದರೆ ಸುಣ್ಣ ಹಾಕಿ ಕಲಕದೆ ಹೋಗುವುದು ಅವನ ಕೈಗೆ ಗೊತ್ತಿಲ್ಲ. ಉದ್ದನೆಯ ಕೋಲು ತೆಗೆದುಕೊಂಡು ತಳದಿಂದ ಮೇಲಕ್ಕೆ ನಿಧಾನವಾಗಿ, ಹದವಾಗಿ ಕಲಕಿದ. ಕೆಂಪು ಬಣ್ಣ ಸ್ವಲ್ಪ ಕಪ್ಪಿಗೆ ತಿರುಗಿತು. ಬಟ್ಟೆ ಕಟ್ಟಿ, ಕೈ ತೊಳೆದು, ಹೊಂಗೆ ಮರದ ಕೆಳಗೆ ಎಲ್ಲರ ಜೊತೆ ಮಲಗಿ, ಹಾಯಾಗಿ ನಿದ್ದೆ ಮಾಡಿದ.

ಊಟದ ಹಿಂದಿನ ದಿನ ಬೆಪ್ಪೆ ಸೀಸೆಗಳಿಗೆ ತುಂಬಲು ಕೂತ. ಹುಚ್ಚೀರಯ್ಯ ಸ್ವಲ್ಪ ದೂರದಲ್ಲಿ ಅಚ್ಚುಗಳನ್ನು ಒರೆಸುವ ನೆಪ ಮಾಡಿಕೊಂಡು ನಿಂತ. ಬೆಪ್ಪೆ ಒಂದು ಗುಟುಕು ಕುಡಿದ. ಬಾಯಿ ಮುಕ್ಕಳಿಸಿ ಇನ್ನೊಂದು ಗುಟುಕು ಕುಡಿದ. ಬುಟ್ಟಿ ಹೆಣೆದ ಸೀಸೆಗಳನ್ನು ತಂದಿದ್ದ ಚಿಕ್ಕನಂಜಮ್ಮನನ್ನು ಕೇಳಿ ಒಂದು ತುಂಡು ಮುದ್ದೆ ಇಸಿದುಕೊಂಡು, ಅದನ್ನು ನುಂಗಿ ಮತ್ತೆ ಕುಡಿದ. ಆಮೇಲೆ ಸೀಸೆ ಕೆಳಗಿಟ್ಟು ಗಾಣದ ಕಲ್ಲಿನ ಮೇಲೆ ಕುಸಿದು ಕೂತ.

"ಏನಾಯ್ತಪ್ಪಾ?" ಎಂದಳು ಚಿಕ್ಕನಂಜಮ್ಮ.

"ಹಲ್ಲು ಹೋಯಿತು" ಎಂದ ಬೆಪ್ಪೆ. ನಾಲಿಗೆಯನ್ನು ಬೆರಳಿನಿಂದ ಉಜ್ಜಿಕೊಂಡು, "ವೈನು ಅಲ್ಲ, ನಾನು ಕೆಟ್ಟಿದ್ದೇನೆ. ನಾಲ್ಕು ವರ್ಷ ಶಿಬಿರದ ಊಟ. ಮೊನ್ನೆ ಅಪ್ಪ ಬಂದ ಅಂದೆ, ಸುಳ್ಳು. ನನ್ನ ನಾಲಿಗೆಗೆ ಅಪ್ಪ ಮರೆತುಹೋಗಿದ್ದಾನೆ" ಎಂದ.

ಹುಚ್ಚೀರಯ್ಯನ ಮನಸ್ಸು ಕುಣಿದಾಡಿತು. ಕೆಟ್ಟಿತು! ಸುಣ್ಣ ಕೆಲಸ ಮಾಡಿತು! ಆ ಮನುಷ್ಯನ ಮುಖ ನೋಡಿ ಒಂದು ಕ್ಷಣ ಪಾಪ ಅನ್ನಿಸಿದ್ದು ನಿಜ. ಆದರೆ ಚಿಕ್ಕನಂಜಮ್ಮ ತನ್ನ ಸೆರಗಿನಲ್ಲಿ ಅವನಿಗೆ ಗಾಳಿ ಬೀಸಿದಳು, ಪಾಪ ಅನ್ನಿಸಿದ್ದು ಅಲ್ಲಿಗೇ ನಿಂತಿತು. ಬಡಿಸುವುದು ಬೇಡ ಎಂದು ಬೆಪ್ಪೆ ಪಟೇಲರನ್ನು ಬೇಡಿಕೊಂಡ. ಬೀಗರಿಗೆ ಹೇಳಿ ಆಗಿದೆ, ಏನಾದರಾಗಲಿ ಬಡಿಸಲೇಬೇಕು ಎಂದರು ಪಟೇಲರು. ಬಡಿಸಲಿ, ಚೆನ್ನಾಗಿ ಬಡಿಸಲಿ ಎಂದುಕೊಂಡ ಹುಚ್ಚೀರಯ್ಯ. ಆ ರಾತ್ರಿ ಎರಡು ಮುದ್ದೆ ಉಂಡ.

ಮಾರನೆಯ ದಿನ ಜಗಲಿಯ ಮೇಲೆ ಒಂದು ಕಡೆ ಹುಚ್ಚೀರಯ್ಯನ ಬೆಲ್ಲದ ಅಚ್ಚುಗಳು, ಇನ್ನೊಂದು ಕಡೆ ಈಚಲ ಗರಿಯ ಅಂಗಿ ತೊಟ್ಟ ಬೆಪ್ಪೆಯ ಸೀಸೆಗಳು. ನಡುವೆ ಹಿತ್ತಾಳೆ ತಟ್ಟೆಯಲ್ಲಿ ಮಡಿಚಿಟ್ಟ ರುಮಾಲು. ಹಲಗೂರಿನ ಶಿವಯ್ಯನವರು ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ. ಮೊದಲು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು.

"ಚೆಂದಾಗದೆ" ಎಂದರು ಶಿವಯ್ಯ. "ಬೆಲ್ಲ ಅಂದ್ರೆ ಬೆಲ್ಲ. ಪ್ರತಿ ವರ್ಸದಂಗೇ ಅದೆ."

ಅಷ್ಟೇ. ಪ್ರತಿ ವರ್ಷದ ಹಾಗೆ ಇರುವಂತೆ ಮಾಡುವುದಕ್ಕೇ ಒಬ್ಬ ಮನುಷ್ಯ ಜೀವ ತೇಯುತ್ತಾನೆ ಎನ್ನುವುದು ಬೀಗರಿಗೆ ಹೇಗೆ ಗೊತ್ತಾಗಬೇಕು? ಹುಚ್ಚೀರಯ್ಯ ನುಂಗಿಕೊಂಡ. ಇನ್ನು ಆ ಸೀಸೆ ಬಾಯಿಗೆ ಹೋಗಲಿ, ಆಮೇಲೆ ನೋಡೋಣ ಎಂದು ಕಾದ.

ಶಿವಯ್ಯನವರು ಲೋಟ ಎತ್ತಿ ಕುಡಿದರು. ಹುಬ್ಬು ಮೇಲೆ ಹೋಯಿತು. ಲೋಟ ಖಾಲಿ ಮಾಡಿ ಮುಂದೆ ಚಾಚಿದರು, ಎರಡನೆಯದನ್ನೂ ಖಾಲಿ ಮಾಡಿದರು. "ಅಯ್ ಸಿವನೆ! ದ್ರಾಕ್ಷಿ ಎಂಡ ಉಳಿ ಒಡೀತದೆ ಅಂದಿದ್ರಲ್ಲ ಬೀಗ್ರೆ? ಉಳೀನೆ ಇಲ್ಲ ಕಣ್ರೀ. ಬೆಣ್ಣೆ ಇಳ್ದಂಗೆ ಇಳೀತದೆ. ಈ ಉಳಿ ತೆಗ್ದ ಕೈ ಯಾವ್ದೋ, ಆ ಕೈಗೆ ಬಂಗಾರದ ಕಡಗ ಆಕ್ಬೇಕು!"

ಜಗಲಿಯ ತುಂಬಾ ಲೋಟಗಳು ಓಡಾಡಿದವು. ಕುಡಿದವರೆಲ್ಲ ತಲೆದೂಗಿದರು. ಹುಚ್ಚೀರಯ್ಯ ತಾನೂ ಒಂದು ಲೋಟ ಕಿತ್ತುಕೊಂಡು ಕುಡಿದು ನೋಡಿದ. ಕಚ್ಚುತ್ತಿರಲಿಲ್ಲ. ಮೆತ್ತಗಿತ್ತು. ಮೊದಲಿದ್ದಷ್ಟು ಚೆನ್ನಾಗಿಲ್ಲ ಎಂದು ಅವನ ನಾಲಿಗೆಗೆ ಗೊತ್ತಾಯಿತು, ಆದರೆ ಹುಳಿ ಮುರಿದದ್ದು ಮಾತ್ರ ಹದವಾಗಿ, ಒಂದು ಹನಿ ಹೆಚ್ಚಿಲ್ಲದ ಹಾಗೆ ಮುರಿದಿತ್ತು. ಕೆಡಿಸಲು ಹೋದ ಕೈ ಹದ ಮಾಡಿ ಬಂದಿತ್ತು.

ಪಟೇಲರು ತಟ್ಟೆಯಿಂದ ರುಮಾಲು ಎತ್ತಿಕೊಂಡು ಬೆಪ್ಪೆಯ ಕಡೆ ತಿರುಗಿದರು. ಬೆಪ್ಪೆ ಎದ್ದು ನಿಂತು ಕೈ ಮುಗಿದ. "ಬೇಡ, ಪಟೇಲರೇ. ಇದು ನನ್ನದು ಅಲ್ಲ. ನಾನು ಮಾಡಬೇಕು ಅಂದದ್ದು ಇದು ಅಲ್ಲ. ರುಮಾಲು ಅವನಿಗೆ ಕೊಡಿ" ಎಂದು ಹುಚ್ಚೀರಯ್ಯನನ್ನು ತೋರಿಸಿದ.

ಪಟೇಲರು ತಲೆ ಕೆರೆದುಕೊಂಡರು. ರುಮಾಲು ಹಿಡಿದ ಕೈ ಮೆಲ್ಲಗೆ ಹುಚ್ಚೀರಯ್ಯನ ಕಡೆ ತಿರುಗಿತು. ಬಾಯಿ ಮುಚ್ಚಿಕೊಂಡು ಇನ್ನೊಂದು ಉಸಿರು ಎಳೆದಿದ್ದರೆ ಸಾಕಿತ್ತು. ಪ್ರತಿ ವರ್ಷದ ಹಾಗೆ ಆ ಬಟ್ಟೆ ಅವನ ಕೈಗೆ ಬರುತ್ತಿತ್ತು.

ಆದರೆ ಶಿವಯ್ಯನವರು ಸುಮ್ಮನಿರಲಿಲ್ಲ. "ಛೆ ಛೆ, ಎಂಥ ದೊಡ್ಡ ಗುಣ ನೋಡಿ ಈ ಪರದೇಸೀದು! ಅಷ್ಟು ಉಳಿ ತೆಗೆದು ಬೆಣ್ಣೆ ಮಾಡವ್ನೆ, ನಂದಲ್ಲ ಅಂತಾನೆ! ಇಂಥ ಕೈಗಾರ ನಮ್ ಕಡೆ ಒಬ್ಬನಾರ ಅವ್ನಾ?"

ಒಬ್ಬನಾದರೂ ಇದ್ದಾನಾ! ಹುಚ್ಚೀರಯ್ಯನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ತನ್ನ ಬೆಲ್ಲದ ಹೊಗಳಿಕೆ ಹೋದರೆ ಹೋಗಲಿ. ತನ್ನ ಸುಣ್ಣದ ಹೊಗಳಿಕೆಯೂ ಅವನಿಗೇ ಹೋಗಬೇಕೇ?

"ಉಳಿ ತೆಗ್ದವ್ನು ನಾನು!" ಎಂದು ಕೂಗಿದ. "ಅವ್ನಲ್ಲ, ನಾನು! ಸುಣ್ಣ ಆಕ್ದವ್ನು ನಾನು, ಕಲಕ್ದವ್ನು ನಾನು! ಅವನಿಗೆ ಏನ್ ಗೊತ್ತು ಉಳಿ ತೆಗಿಯಾದು!"

ಶಿವಯ್ಯನವರು ಕೈಯಲ್ಲಿದ್ದ ಲೋಟವನ್ನು ನೋಡಿ ಮೆಲ್ಲಗೆ ಕೆಳಗಿಟ್ಟರು.

"ಯಾಕ್ಲಾ ಆಕ್ದೆ?" ಎಂದರು ಪಟೇಲರು. "ಒಳ್ಳೇದಾಗ್ಲಿ ಅಂತ್ಲಾ?"

ಹೂಂ ಅಂದುಬಿಡಬಹುದಿತ್ತು. ಚಿಕ್ಕನಂಜಮ್ಮ ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು. ಅವನಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಕೆಡ್ಲಿ ಅಂತ" ಎಂದ.

ಬೆಪ್ಪೆಗೆ ಮಾತು ಪೂರ್ತಿ ತಿಳಿದಿರಲಿಲ್ಲ, ಎಲ್ಲರ ಮುಖವನ್ನೂ ನೋಡುತ್ತಿದ್ದ. ಚಿಕ್ಕನಂಜಮ್ಮ ಹೊರಗೆ ಬಂದು, ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಬೆರಳಲ್ಲಿ ತೆಗೆದು ತೋರಿಸಿ, ಗುಡಾಣದ ಕಡೆ ಕೈ ಮಾಡಿ, ಗಂಡನ ಕಡೆ ಕೈ ಮಾಡಿದಳು. ಬೆಪ್ಪೆ ಹೊಡೆಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಹೊಡೆದಿದ್ದರೆ ಹುಚ್ಚೀರಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಹುಚ್ಚೀರಯ್ಯನ ಎರಡೂ ಕೈ ಹಿಡಿದುಕೊಂಡು ನಗುತ್ತಾ ಅಳುತ್ತಾ, "ನನ್ನ ನಾಲಿಗೆ ಕೆಟ್ಟಿಲ್ಲ! ಕೆಟ್ಟಿಲ್ಲ! ಆವತ್ತು ಅಪ್ಪ ಬಂದಿದ್ದ, ನಿಜವಾಗಿ ಬಂದಿದ್ದ!" ಎಂದ.

ಪಟೇಲರು ಮುಂದೆ ಬಂದು ರುಮಾಲನ್ನು ಬೆಪ್ಪೆಯ ಕೈಯಲ್ಲಿಟ್ಟರು. ಈ ಸಲ ಅವನು ಬೇಡ ಅನ್ನಲಿಲ್ಲ. ಮೊದಲು ಕೊರಳಿಗೆ ಸುತ್ತಿಕೊಂಡ. ಆಮೇಲೆ ತಲೆಗೆ ಸುತ್ತಿಕೊಳ್ಳಲು ಹೋದ, ಅದು ಬಿಚ್ಚಿ ಮೂಗಿನ ಮೇಲೆ ಇಳಿಬಿತ್ತು. ಹೆಂಗಸರು ಕಿಸಕ್ಕೆಂದರು.

"ಲೋ ಹುಚ್ಚೀರ" ಎಂದರು ಪಟೇಲರು, ನಗದೆ. "ಕಟ್ಲಾ ಅವನಿಗೆ."

ಹುಚ್ಚೀರಯ್ಯ ಎದ್ದ. ಬಟ್ಟೆಯ ತುದಿಯನ್ನು ಬೆಪ್ಪೆಯ ಹಲ್ಲಿಗೆ ಕಚ್ಚಲು ಕೊಟ್ಟ. ಸಡಿಲವಾಗಿ ಕಟ್ಟಬೇಕು, ನಾಲ್ಕು ಹೆಜ್ಜೆ ಇಡುವುದರೊಳಗೆ ಉದುರಿ ಮಣ್ಣಿಗೆ ಬೀಳಬೇಕು ಎಂದುಕೊಂಡೇ ಮೊದಲ ಸುತ್ತು ಹಾಕಿದ. ಎರಡನೆಯ ಸುತ್ತಿಗೆ ಬೆರಳುಗಳು ತಾವಾಗಿಯೇ ಮಡಿಕೆ ಹಿಡಿದವು, ಬಿಗಿಯಾದವು, ಜರಿಯನ್ನು ಹಣೆಯ ಮೇಲೆ ಓರೆಯಾಗಿ ತಂದವು, ತುದಿಯನ್ನು ಹಿಂದೆ ಸಿಕ್ಕಿಸಿದವು. ಅವನು ಹಿಂದಕ್ಕೆ ಸರಿದು ನಿಂತ.

ಜಗಲಿಯ ತುಂಬಾ ಜನ ಕತ್ತು ಚಾಚಿ ನೋಡಿದರು. "ಅಬ್ಬಾ" ಎಂದರು ಯಾರೋ.

ಹುಚ್ಚೀರಯ್ಯನೂ ನೋಡಿದ. ಇಷ್ಟು ವರ್ಷ ಅದು ಅವನ ತಲೆಯ ಮೇಲೇ ಇತ್ತು. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ, ಅದರಲ್ಲಿ ಮೀಸೆ ಕಂಡರೆ ರುಮಾಲು ಕಾಣುತ್ತಿರಲಿಲ್ಲ. ಅದು ಹೇಗೆ ಕಾಣುತ್ತದೆ ಎಂದು ಅವನು ಈಗಲೇ ಮೊದಲ ಸಲ ನೋಡಿದ್ದು. ಇಷ್ಟು ಚೆನ್ನಾಗಿರುತ್ತಿತ್ತೇ, ಒಬ್ಬರೂ ನನಗೆ ಹೇಳಲಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿದುಹೋಯಿತು.